ಸೊಂಡಿಲಿಲ್ಲದ ಸಕ್ಕರೆ ಆನೆ

ಹೋದ ಕಾರ್ತಿಕದಲ್ಲಿ ಹುಬ್ಬಳ್ಳಿಯ ಕಮರಿಪೇಟೆಯ ಓಣಿಯೊಂದರಲ್ಲಿ ನಡೆದು ಹೋಗುವಾಗ ಕಾಲು ತಾನಾಗಿ ನಿಂತಿತು. ಯಾರದೋ ಮನೆಯ ಒಲೆಯ ಮೇಲೆ ಸಕ್ಕರೆ ಪಾಕ ಕುದಿಯುತ್ತಿತ್ತು. ಬರೀ ಪಾಕದ ವಾಸನೆಯಲ್ಲ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆಯುವಾಗ ಏಳುತ್ತದಲ್ಲ, ಕೆನೆ ಸುಟ್ಟಂಥ, ತುಸು ಒಗರಾದ ವಾಸನೆ, ಅದು. ಅದರ ಹಿಂದೆಯೇ ನೀರಲ್ಲಿ ನೆನೆದ ಹಳೆಯ ಕಟ್ಟಿಗೆಯದು. ಗೌರಿ ಹುಣ್ಣಿಮೆ ಹತ್ತಿರ ಬಂತೆಂದು ನಮ್ಮ ಕಡೆಯವರಿಗೆ ಕ್ಯಾಲೆಂಡರು ಹೇಳಬೇಕಾಗಿಲ್ಲ, ಮೂಗು ಹೇಳುತ್ತದೆ. ಸಾಗುವಾನಿ ಅಚ್ಚುಗಳನ್ನು ನೆನೆಯಿಟ್ಟು, ಎರಡು ಹೋಳು ಕೂಡಿಸಿ ದಾರ ಸುತ್ತಿ, ಬಿಸಿ ಪಾಕ ಎರೆದು, ಆನೆ, ಕುದುರೆ, ಗಿಳಿ, ತುಳಸಿಕಟ್ಟೆ ಎಂದು ಬಿಳಿ ಸಕ್ಕರೆಯ ಗೊಂಬೆಗಳನ್ನು ಮಾಡುವ ಕಾಲ. ಅದಕ್ಕೆ ಸಕ್ಕರೆ ಆರತಿ ಎನ್ನುತ್ತೇವೆ. ಮನೆಯ ಹುಡುಗಿಯರು ಅದನ್ನು ತಾಟಿನಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಲಗ್ನ ನಿಶ್ಚಯವಾದ ಹುಡುಗಿ ಇದ್ದರಂತೂ ಗಂಡಿನ ಮನೆಯವರೇ ಸೀರೆಯ ಜೊತೆ ಸಕ್ಕರೆ ಆರತಿ ಹೊತ್ತುಕೊಂಡು ಬರುತ್ತಾರೆ.

ಓಣಿಯಲ್ಲಿ ನಿಂತು ನಾನು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಮೂಗಿನಿಂದ ತಿಂದರೆ ಸಕ್ಕರೆ ಏರುವುದಿಲ್ಲ. ಹಾಗೆ ನಿಂತಾಗಲೇ ಆ ವರ್ಷ ನೆನಪಾದದ್ದು, ನಮ್ಮ ಮನೆಯಲ್ಲಿ ಸಕ್ಕರೆ ಎಂಬ ಮಾತನ್ನೇ ಪಿಸುಗುಟ್ಟಬೇಕಾಗಿದ್ದ ವರ್ಷ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷಗಳಾಗಿದ್ದವು. ನಾವು ಆಗಲೂ ಈಗಲೂ ಧಾರವಾಡದ ಕೆಲಗೇರಿಯಲ್ಲಿ, ಕೆರೆಯಿಂದ ಕೂಗಳತೆಯ ಮನೆಯಲ್ಲಿ. ನನ್ನ ಯಜಮಾನರಿಗೆ ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ. ಮನೆಯಲ್ಲಿ ಅತ್ತೆ, ನಾನು, ಬಿ.ಎಡ್. ಓದುತ್ತಿದ್ದ ಮಗಳು ಅಕ್ಷತಾ. ಮಾಳಿಗೆಯ ಕೋಣೆಯಲ್ಲಿ ರೇಣುಕಾ ಎಂಬ ಹುಡುಗಿ ಬಾಡಿಗೆಗಿದ್ದಳು. ಬಾಗಲಕೋಟೆ ಕಡೆಯ ನೇಕಾರರ ಮನೆಯವಳು, ಇಲ್ಲಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಶ್ರಾವಣದಲ್ಲಿ ಅಕ್ಷತಾಳ ಸಂಬಂಧ ಬೆಂಗೇರಿಯ ಒಂದು ಮನೆಯೊಂದಿಗೆ ಕುದುರಿತ್ತು. ಹುಡುಗ ಎಂಜಿನಿಯರು. ಗೌರಿ ಹುಣ್ಣಿಮೆಗೆ ಅವರು ಆರತಿ ತರುವುದು, ಮಾಘದಲ್ಲಿ ಲಗ್ನ ಎಂದು ಮಾತಾಗಿತ್ತು.

ಆ ಸಲ ಮಳೆ ಹೋಗುತ್ತೇನೆಂದು ಹೊರಟು ಬಾಗಿಲಲ್ಲೇ ನಿಂತುಕೊಂಡಿತ್ತು. ಗೋಡೆಗಳೆಲ್ಲ ಬೆವರುತ್ತಿದ್ದವು. ಗಣಪತಿ ಹಬ್ಬದ ಹೊತ್ತಿಗೆ ಈಳಿಗೆಯಲ್ಲಿ ಸೌತೆಕಾಯಿ ಹೆಚ್ಚುವಾಗ ನನ್ನ ಹೆಬ್ಬೆರಳಿಗೆ ಸಣ್ಣ ಗೀರು ಬಿದ್ದಿತ್ತು. ದಸರೆಯ ದಿನ ಬನ್ನಿ ಕೊಡಲು ಬಂದವರಿಗೆ ಕೈ ಚಾಚಿದಾಗಲೂ ಅದು ಬಾಯಿ ಬಿಟ್ಟುಕೊಂಡೇ ಇತ್ತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದೆ. ಬಚ್ಚಲ ಮೂಲೆಯಲ್ಲಿ ಇರುವೆ ಸಾಲುಗಟ್ಟುವುದನ್ನು ನೋಡಿಯೂ ನೋಡದಂತೆ ನೀರು ಸುರಿಯುತ್ತಿದ್ದೆ, ಏಕೆಂದರೆ ಅಂಥ ಸಾಲನ್ನು ನಾನು ತವರುಮನೆಯಲ್ಲಿ ನೋಡಿದ್ದೆ. ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದು, "ಸಕ್ಕರಿ ಐತ್ರಿ ನಿಮಗ," ಎಂದರು.

ನಾನು ಸಣಕಲು ಹೆಂಗಸು. ಸಿಹಿ ಅಷ್ಟಕ್ಕಷ್ಟೇ. ಅತ್ತೆಗೆ ನಂಬಿಕೆಯೇ ಬರಲಿಲ್ಲ.

"ಹೋಳಿಗಿ ತಿಂದಾಕಿ ನಾನು, ಸಕ್ಕರಿ ಬ್ಯಾನಿ ಬಂದದ್ದು ನಿನಗ. ಇದ್ಯಾವ ನ್ಯಾಯ ಬೇ ಶೈಲಾ? ಕದ್ದು ತಿಂತಿದ್ದೇನು?"

"ಇಲ್ಲರಿ ಅತ್ತಿ."

"ಹಂಗಾರ ರಕ್ತದಾಗ ಬಂದದ್ದು. ನಿಮ್ಮ ಅಪ್ಪನ ಕಡಿಂದ." ಎಂದವರು ಮರುಕ್ಷಣವೇ ಚಹಾದ ಪಾತ್ರೆ ಒಲೆಗಿಟ್ಟು, "ಹೋಗ್ಲಿ ಬಿಡು, ಸಕ್ಕರಿ ಬ್ಯಾಡ. ಬೆಲ್ಲಾ ಹಾಕ್ತೇನಿ. ಬೆಲ್ಲ ಅಂದ್ರ ಔಷಧ ಇದ್ದಂಗ," ಎಂದು ನಿಂಬೆಯಷ್ಟು ಬೆಲ್ಲ ಹಾಕಿದರು. ಅತ್ತೆಯ ಸಿಟ್ಟು ಮತ್ತು ಅಕ್ಕರೆ ಯಾವಾಗಲೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಹನ್ನೆರಡು ದಿನ ನಾನು ಆ ಬೆಲ್ಲದ ಚಹಾವನ್ನು ಪಥ್ಯವೆಂದು ಕುಡಿದೆ.

ಆ ಸಂಜೆ ಯಜಮಾನರು ಅಂಗಡಿಯಿಂದ ಬಂದು ಎಲ್ಲ ಕೇಳಿ, ಟೊಪ್ಪಿಗೆಯನ್ನು ಗೂಟಕ್ಕೆ ಸಿಗಿಸುವುದನ್ನೂ ಮರೆತು ಕೈಯಲ್ಲೇ ಹಿಡಿದು ಕೂತರು. ಒಳ್ಳೆಯ ಮನುಷ್ಯ. ಒಳ್ಳೆಯವರ ಹೆದರಿಕೆ ಬಹಳ ಮೆತ್ತಗೆ ಮಾತಾಡುತ್ತದೆ.

"ಗುಳಗಿ ತಗೋ. ಆದ್ರ ಯಾರಿಗೂ ಬಾಯಿ ಬಿಡಬ್ಯಾಡ. ಬೀಗರ ಕಿವಿಗೆ ಬಿದ್ರ ಹುಡುಗಿಗೂ ಬರತೈತಿ ಅಂತಾರ. ಒಮ್ಮೆ ಲಗ್ನದ ಅಕ್ಕಿಕಾಳ ಬೀಳಲಿ."

"ಅವರಿಗೇನು ಹೇಳೂದೈತಿ?" ಅತ್ತೆ ಒಳಗಿಂದಲೇ ಕೂಗಿದರು. "ಇವರಪ್ಪಗ ಇತ್ತು, ನಮಗ ಹೇಳಿದ್ರೇನು? ನಾವು ಮಾಡ್ಕೊಂಡಿವಿಲ್ಲೋ? ಹಂಗಽ ಅವರೂ ಮಾಡ್ಕೋತಾರ."

ಗುಳಿಗೆಗಳನ್ನು ಸಾಸಿವೆ ಡಬ್ಬಿಯಲ್ಲಿ, ಸಾಸಿವೆಯ ಕೆಳಗೆ ಹುಗಿದಿಟ್ಟೆವು. ಪ್ರತಿ ಸಲ ಬೆರಳು ಹಾಕಿ ಹುಡುಕುವಾಗ ಉಗುರಿನ ಸಂದಿಗೆ ಎರಡು ಕಾಳು ಹತ್ತಿಕೊಳ್ಳುತ್ತಿದ್ದವು.

ಅತ್ತೆ ಹೇಳಿದ್ದು ಸುಳ್ಳಲ್ಲ. ನನ್ನ ನಿಶ್ಚಯದ ವರ್ಷದ ಗೌರಿ ಹುಣ್ಣಿಮೆಗೆ ಇದೇ ಅತ್ತೆ ಆರತಿ ತಂದಿದ್ದರು. ತಾವು ತಂದ ಗಿಳಿಯ ರೆಕ್ಕೆ ಮುರಿದು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡು, "ಒಂದ ರೆಕ್ಕಿಲೆ ಗಿಳಿ ಹ್ಯಾಂಗ ಹಾರೀತು?" ಎಂದು ನಗುತ್ತ ಇನ್ನೊಂದನ್ನೂ ಮುರಿದು ತಿಂದ. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ನಾನು ಹಿತ್ತಲಿಗೆ ಹೋದಾಗ ಅಪ್ಪ ಒಗೆಯುವ ಕಲ್ಲಿಗೆ ಒರಗಿ, ಗಂಟಲಿಗೆ ಬೆರಳು ಹಾಕಿಕೊಂಡು ಬಾಗಿದ್ದ. ನನ್ನನ್ನು ನೋಡಿ ಬಾಯಿ ಒರೆಸಿಕೊಂಡು, ತುಟಿಯ ಮೇಲೆ ಬೆರಳಿಟ್ಟ. ಗೌಡನಂತೆ ಬದುಕಿದ ಮನುಷ್ಯ. ಮುಂದಿನ ಹತ್ತು ವರ್ಷ ನನ್ನ ಗಂಡನ ಮನೆಗೆ ಬಂದಾಗಲೆಲ್ಲ ಕೊಟ್ಟದ್ದನ್ನೆಲ್ಲ ತಿಂದು ಹೋಗುತ್ತಿದ್ದ. ಕೊನೆಗೆ ಎಡಗಾಲನ್ನು ಪಾದದ ಮೇಲಿಂದ ತೆಗೆಯಬೇಕಾಯಿತು. ಅಪ್ಪ ಹೋಗುವವರೆಗೂ ಅವ್ವ ಅವನ ಎರಡೂ ಚಪ್ಪಲಿಗಳನ್ನು ಒರೆಸಿ ಬಾಗಿಲ ಬಳಿ ಜೋಡಿ ಇಡುತ್ತಿದ್ದಳು. ಬಲಗಾಲಿನದು ಸವೆದಿತ್ತು, ಎಡಗಾಲಿನದು ಹೊಳೆಯುತ್ತಿತ್ತು.

ಬೆಲ್ಲದ ಗುಟ್ಟು ಬಯಲು ಮಾಡಿದವಳು ರೇಣುಕಾ. ಅವಳು ದಿನಾ ಮುಂಜಾನೆ ನಮ್ಮ ಫ್ರಿಜ್ಜಿನ ಬರ್ಫವನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಪ್ರಯೋಗಾಲಯದಲ್ಲಿ ಕರೆಂಟು ಕೈಕೊಡುತ್ತಿತ್ತು, ಅವಳು ಇಲಿಗಳ ಪಿತ್ತಜನಕಾಂಗದಿಂದ ತೆಗೆಯುತ್ತಿದ್ದ ಆರ್.ಎನ್.ಎ. ಎಂಬುದೋ ಮಹಾ ನಾಜೂಕು. ಬಿಸಿ ಆಗಬಾರದು, ಬರಿಗೈ ತಾಗಬಾರದು. ತಾಗಿದರೆ ಚೂರುಚೂರು.

"ಉಪ್ಪಿನಕಾಯಿ ಭರಣಿಗೆ ಹಸಿ ಕೈ ಹಾಕಿದಂಗ ಅನ್ನು," ಎಂದು ಅತ್ತೆ ಒಂದೇ ಏಟಿಗೆ ತಿಳಿದುಕೊಂಡಿದ್ದರು. ಅಂದಿನಿಂದ ಆ ಬರ್ಫದ ಡಬ್ಬಿಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆ ದಿನ ಬರ್ಫ ತುಂಬಿಕೊಳ್ಳುತ್ತ ರೇಣುಕಾ ನನ್ನ ಚಹಾದ ಬಣ್ಣ ನೋಡಿದಳು. ಹುಬ್ಬು ಗಂಟಾಯಿತು. "ಕಾಕೂ, ಇದರಾಗ ಬೆಲ್ಲಾ ಹಾಕೀರೇನು? ಮತ್ತ ನಿಮಗ..." ಎಂದು ನಿಲ್ಲಿಸಿದಳು. ನನ್ನ ಬೆರಳಿನ ಪಟ್ಟಿ, ತಂಬಿಗೆ, ಎಲ್ಲವನ್ನೂ ಅವಳ ಕಣ್ಣು ಮೊದಲೇ ಓದಿಕೊಂಡಿತ್ತು.

"ಬೆಲ್ಲ ಔಷಧ," ಎಂದರು ಅತ್ತೆ.

"ಆಯಿ, ನಾಲಿಗಿಗೆ ಬ್ಯಾರೆ, ರಕ್ತಕ್ಕ ಎರಡೂ ಒಂದಽ ರೀ. ನಮ್ಮ ಇಲಿಗಳಿಗೂ ಬೆಲ್ಲಾ ತಿನಿಸಿದ್ರ ಔಷಧಾ ಕೊಟ್ರಿ ಅಂತ ಅವೇನು ನಿಮಗ ಶರಣಾರ್ಥಿ ಅನ್ನಂಗಿಲ್ಲ."

ಅತ್ತೆಗೆ ನಗು ಬಂದು ಸೆರಗು ಬಾಯಿಗಿಟ್ಟರು. ಆದರೆ ಮರುದಿನದಿಂದ ಬೆಲ್ಲದ ಡಬ್ಬಿ ಗೋಡೆಯ ಮೇಲಿನ ಮಾಡಕ್ಕೆ ಹೋಯಿತು.

ದೀಪಾವಳಿ ಮುಗಿದು ಚಳಿ ಇಳಿಯಿತು. ಬೆಳಗಿನ ಹೊತ್ತು ಕೆರೆಯ ಮೇಲೆ ಮಂಜು ಹಾಸಿಕೊಂಡು, ಆಚೆ ದಂಡೆಯ ಹಿಂಗಾರಿ ಜೋಳದ ಹೊಲ ಕಾಣುತ್ತಿರಲಿಲ್ಲ. ನಮ್ಮ ಮನೆಯ ಗೌರಿಗೆ ನಾವೂ ಆರತಿ ಎರೆಯಬೇಕಲ್ಲ. ತವರಿನಿಂದ ತಂದ ಅಚ್ಚುಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದು ಭಾನುವಾರ ನೆನೆಯಿಟ್ಟೆ. ರೇಣುಕಾಳಿಗೆ ಅಂದು ರಜೆ. ಅಕ್ಷತಾ ದಾರ ಸುತ್ತುತ್ತಿದ್ದಳು, ಅತ್ತೆ ಪಾಕದ ಮೇಲಿನ ನೊರೆ ತೆಗೆಯುತ್ತಿದ್ದರು, ನಾನು ಎರೆಯುತ್ತಿದ್ದೆ. ಆಗಲೇ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ.

"ರೇಣುಕಾ, ಸಿಹಿ ತಿನ್ನದಾಕಿಗೆ ಇದು ಹ್ಯಾಂಗ ಬಂತು?"

ಅವಳು ಆನೆಯ ಅಚ್ಚನ್ನು ಕೈಯಲ್ಲಿ ಹೊರಳಿಸುತ್ತ ಯೋಚಿಸಿ ಹೇಳಿದಳು. "ಉಂಡದ್ದು ಸಕ್ಕರಿ ಆಗಿ ರಕ್ತದಾಗ ಬರತೈತಿ. ಇನ್ಸುಲಿನ್ ಹೋಗಿ ಒಂದೊಂದು ಜೀವಕೋಶದ ಬಾಗಿಲಾ ಬಡದು, ಸಕ್ಕರಿ ಬಂದೈತಿ, ಒಳಗ ತಗೋರಿ ಅಂತೈತಿ. ನಿಮ್ಮಲ್ಲೆ ಬಡಿಯೋವ ಅದಾನ್ರಿ, ಬಡಿಯಾಕತ್ತಾನ. ಒಳಗಿನವರು ಕೇಳವಲ್ರು. ಸಕ್ಕರಿ ಬೀದ್ಯಾಗ ನಿಂತುಬಿಟ್ಟೈತಿ. ಇದಕ್ಕ ಇನ್ಸುಲಿನ್ ಪ್ರತಿರೋಧ ಅಂತಾರ."

"ಕಿವುಡಾಗ್ಯಾರೇನು ಒಳಗಿನವರು?" ಅತ್ತೆ ಕೇಳಿದರು.

"ಯಾಕ ಕಿವುಡಾದ್ರು ಅಂತನಽ ಹುಡಕಾಕತ್ತೇವ್ರಿ ಆಯಿ. ಈಗ ನೋಡ್ರಿ, ಈ ಅಚ್ಚು ಡಿ.ಎನ್.ಎ. ಅನ್ನೋಣು. ಅಚ್ಚು ಪೆಟ್ಟಿಗಿ ಬಿಟ್ಟು ಬರಂಗಿಲ್ಲ. ಅದರಾಗಿದ್ದದ್ದನ್ನ ಚೀಟಿ ಮ್ಯಾಲೆ ಬರಕೊಂಡು ಒಯ್ತಾರ. ಆ ಚೀಟಿ ಆರ್.ಎನ್.ಎ. ಚೀಟಿ ನೋಡಿ ಆನಿ, ಕುದರಿ, ಬಾಗಿಲಾ, ಚಿಲಕಾ ಎಲ್ಲಾ ಮಾಡ್ತಾರ. ಅವು ಪ್ರೋಟೀನು. ಆದ್ರ ಬಾಳಷ್ಟು ಚೀಟಿಗಳ ಮ್ಯಾಲೆ ಆನಿನೂ ಇಲ್ಲ, ಕುದರಿನೂ ಇಲ್ಲ. ಏನೂ ಮಾಡದ ಚೀಟಿ. ಹಿಂದ ಇದೆಲ್ಲಾ ಕಸ ಅಂತಿದ್ರು."

"ನೀ ಆ ಕಸಾ ಆರಸಾಕತ್ತೀಯೇನು?" ಅಕ್ಷತಾ ನಕ್ಕಳು.

"ಹೂಂ. ನಮ್ಮ ಲ್ಯಾಬಿನಾಗೂ ಹಂಗಽ ನಗ್ತಾರ. ನಗಲಿ. ಆ ಕಸದಾಗ ಒಂದು ಸಣ್ಣ ಚೀಟಿ ಇರತೈತಿ. ಅದು ಹೋಗಿ ಇನ್ನೊಂದು ಚೀಟಿ ಮ್ಯಾಲೆ ಕುಂದರತೈತಿ. ಕುಂತಲ್ಲೆ ಓದಾಕ ಬರಂಗಿಲ್ಲ. ಚಿಲಕಾ ಮಾಡ್ರಿ ಅಂತ ಬರದದ್ದು ಐತಿ, ಅಕ್ಷರ ಅಳಿಸಿಲ್ಲ, ಆದ್ರ ಓದವರಿಲ್ಲ. ಬಾಗಿಲದಾಗಿನ ಸಾಮಾನು ಕಡಿಮಿ ಬೀಳತಾವ. ಹೊರಗ ಎಷ್ಟು ಬಡದ್ರೂ ಒಳಗ ಸಪ್ಪಳ ಮುಟ್ಟಂಗಿಲ್ಲ. ದಪ್ಪ ಆದ ಇಲಿಗಳಾಗ ಇಂಥಾ ಕೆಲವು ಚೀಟಿ ಹೆಚ್ಚಾಗಿರತಾವ."

"ತಾನು ಏನೂ ಮಾಡಂಗಿಲ್ಲ, ಇನ್ನೊಬ್ಬರ ಕೆಲಸದ ಮ್ಯಾಲೆ ಹೋಗಿ ಕುಂದರೂದು," ಎಂದರು ಅತ್ತೆ ನೊರೆಯ ಸೌಟು ಝಾಡಿಸುತ್ತ. "ಪೂರಾ ನಮ್ಮ ನಾದಿನಿ ಇದ್ದಂಗ ಐತಿ."

ನಗು ನಿಂತ ಮೇಲೆ ನಾನು ಅಚ್ಚಿಗೆ ಸುತ್ತಿದ ದಾರವನ್ನು ನೋಡಿದೆ. ದಾರ ಆನೆಯೊಳಗೆ ಹೋಗುವುದಿಲ್ಲ. ಯಾರೂ ಅದನ್ನು ತಿನ್ನುವುದಿಲ್ಲ, ಬೆಳಗುವುದಿಲ್ಲ. ಸಡಿಲವಾದರೆ ಮಾತ್ರ ಆನೆಗೆ ಒಂದು ಕಾಲು ಕಡಿಮೆ. "ಈ ದಾರದಂಗೂ ಇದ್ದೀತು," ಎಂದೆ. ಜನಗಣತಿಗೆ ಬಂದವನು ನನ್ನ ಹೆಸರಿನ ಮುಂದೆ ಕೆಲಸವಿಲ್ಲ ಎಂದು ಬರೆದುಕೊಂಡು ಹೋದದ್ದು ನೆನಪಾಗಿತ್ತು. ರೇಣುಕಾ ಒಪ್ಪಿದಳು, ಅಂಥವೂ ಇವೆಯಂತೆ, ಕೆಡಿಸುವವೂ, ಕಟ್ಟಿ ಹಿಡಿಯುವವೂ.

"ಹಂಗಾರ ನನಗ ಇದರಿಂದನಽ ಬಂದೈತೇನು?"

"ಹಂಗ ಹೇಳಾಕ ಬರಂಗಿಲ್ಲರಿ ಕಾಕೂ. ನಾ ನೋಡಿದ್ದು ಇಲಿದು, ನಿಮ್ಮದಲ್ಲ. ಮನಿತನದಾಗ ಬರೂದೂ ಖರೇ. ಉಣ್ಣೂದು, ನಡಿಯೂದು, ನಿದ್ದಿ, ಚಿಂತಿ, ಇವುಗಳಿಂದನೂ ಈ ಸಣ್ಣ ಚೀಟಿಗಳು ಹೆಚ್ಚುಕಡಿಮಿ ಆಗತಾವ ಅಂತ ಕಾಣಾಕತ್ತೈತಿ. ಅಂದ್ರ ಎಲ್ಲಾ ಹಣ್ಯಾಗ ಬರದದ್ದಲ್ಲ. ಪೂರಾ ಗೊತ್ತಿಲ್ಲ. ಔಷಧಂತೂ ಇನ್ನೂ ಇಲ್ಲ."

ಪೂರಾ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತನ್ನು ಅಷ್ಟು ತಲೆಯೆತ್ತಿ ಹೇಳಿದವರನ್ನು ನಾನು ಅದೇ ಮೊದಲ ಸಲ ನೋಡಿದ್ದು.

ರೇಣುಕಾ ಮೇಲೆ ಹೋದಳು. ಅತ್ತೆ ದೇವರ ಕೋಣೆಗೆ ಎದ್ದರು. ಅಕ್ಷತಾ ದಾರ ಬಿಚ್ಚುತ್ತ, ಒಂದು ಗಿಳಿಯನ್ನು ಹೊರಗೆ ತೆಗೆದು ಅದರ ಕೊಕ್ಕಿನ ಪುಡಿ ಊದಿ, ನನ್ನ ಮುಖ ನೋಡದೆ ಕೇಳಿದಳು.

"ಅವ್ವಾ, ಮುಂದ ನನಗೂ ಬಂದ್ರ, ಆ ಮನ್ಯಾಗ ಗುಳಗಿ ಎಲ್ಲೆ ಇಡ್ಲಿ? ಅವರ ಸಾಸಿವಿ ಡಬ್ಬಿ ಯಾವ ಮಾಡದಾಗ ಇಟ್ಟಾರೋ ಏನೋ."

ಅರ್ಧ ಚೇಷ್ಟೆಗೆ ಕೇಳಿದ್ದಳು. ನಾನು ಎರೆಯುತ್ತಿದ್ದ ಪಾಕ ಅಚ್ಚಿನ ಹೊರಗೆ ಚೆಲ್ಲಿತು. ಅಪ್ಪನಿಂದ ನನಗೆ ಬಂದದ್ದು ಬರೀ ಸಕ್ಕರೆಯಲ್ಲ ಎಂದು ಆಗ ಹೊಳೆಯಿತು. ತುಟಿಯ ಮೇಲಿನ ಆ ಬೆರಳೂ ಬಂದಿತ್ತು. ಈಗ ಅದನ್ನು ನಾನು ಮಗಳ ಉಡಿಯಲ್ಲಿ ಹಾಕಿ ಕಳಿಸಲಿದ್ದೆ.

ಗೌರಿ ಹುಣ್ಣಿಮೆಯ ಸಂಜೆ ಬೀಗರು ಬಂದರು. ನಡುಮನೆಯಲ್ಲಿ ಜಮಖಾನೆ ಹಾಸಿದ್ದೆವು. ಬೀಗತಿ ಗಿರಿಜಕ್ಕ ತುಂಬಿದ ಮೈಯ ಹೆಂಗಸು, ಇಳಕಲ್ಲ ಸೀರೆ, ನಕ್ಕರೆ ಮನೆಯೆಲ್ಲ ನಗುವಂಥ ನಗು. ನನಗೆ ಅವರು ಬಹಳ ಹಿಡಿಸಿದ್ದರು, ಅದೇ ಕಷ್ಟವಾಗಿದ್ದು. ಅವರು ತಂದ ತಾಟಿನ ನಡುವೆ ಗೇಣುದ್ದದ ಆನೆ, ಸೊಂಡಿಲು ಎತ್ತಿದ್ದು, ಬೆನ್ನಿಗೆ ಹೊದಿಸಿದ ಜೂಲಿನ ಗೆರೆಗಳೂ ಎದ್ದು ಕಾಣುವಂಥ ಅಚ್ಚುಕಟ್ಟು ಎರಕ. ಸುತ್ತ ಕುದುರೆ, ಗಿಳಿ, ಗೋಪುರ. ಅಕ್ಷತಾಳಿಗೆ ಸೀರೆ ಉಡಿಸಿ, ಉಡಿ ತುಂಬಿ, ಆರತಿ ಬೆಳಗಿದರು. ಹಿಂದಿನ ದಿನವೇ ಅತ್ತೆ ನನಗೆ ಪಾಠ ಹೇಳಿಕೊಟ್ಟಿದ್ದರು: "ಗಲ್ಲದಾಗ ಇಟ್ಕೊ. ನುಂಗಬ್ಯಾಡ. ಆಮ್ಯಾಲೆ ಹಿತ್ತಲಕ್ಕ ಹೋಗಿ ಉಗಳು." ಬೀಗತಿ ಕೈಯಾರೆ ಕೊಟ್ಟ ಸಿಹಿಯನ್ನು ಒಲ್ಲೆ ಎನ್ನುವುದು ನಮ್ಮಲ್ಲಿ ಸಂಬಂಧವನ್ನೇ ಒಲ್ಲೆ ಎಂದಂತೆ.

ಗಿರಿಜಕ್ಕ ಆನೆಯ ಸೊಂಡಿಲನ್ನು ಚಟ್ಟೆಂದು ಮುರಿದರು. "ಬಾಯಿ ತಗೀರಿ ಬೀಗತ್ಯಾರ."

ನಾನು ಓದಿದ್ದು ಕಾನ್ವೆಂಟಿನಲ್ಲಿ. ನಾಚಿಕೆಯ ಹುಡುಗಿ, ಬರೆದದ್ದನ್ನು ಯಾರೂ ನೋಡಬಾರದೆಂದು ಎಡಗೈ ಮಡಿಸಿ ವಹಿಯ ಮೇಲೆ ಮುಚ್ಚಿಕೊಳ್ಳುತ್ತಿದ್ದೆ. ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಬಂದು ಪೆನ್ಸಿಲಿನ ಹಿಂಬದಿಯಿಂದ ನನ್ನ ಮೊಣಕೈ ತಟ್ಟುತ್ತಿದ್ದರು. "ಸರಿಯೋ ತಪ್ಪೋ ಆಮೇಲೆ ನೋಡುವ. ಮೊದಲು ಕೈ ತೆಗಿ." ಅಷ್ಟು ವರ್ಷಗಳ ಮೇಲೆ, ಸೊಂಡಿಲು ನನ್ನ ತುಟಿಯ ಹತ್ತಿರ ಬಂದಾಗ, ಆ ಪೆನ್ಸಿಲು ಮೊಣಕೈಗೆ ತಟ್ಟಿದಂತಾಯಿತು. ನಾನು ಗಿರಿಜಕ್ಕನ ಕೈಯನ್ನು ಮೆಲ್ಲಗೆ ಹಿಡಿದುಕೊಂಡೆ.

"ನನಗ ಸಕ್ಕರಿ ಬ್ಯಾನಿ ಐತ್ರಿ. ತಿನ್ನಂಗಿಲ್ಲ."

ಯಾರೋ, "ಚ್ಯಾಷ್ಟಿ ಮಾಡಾಕತ್ತಾರ," ಎಂದರು. ಗಿರಿಜಕ್ಕ ನಗಲು ಹೊರಟವರು ನನ್ನ ಕಣ್ಣು ನೋಡಿ ನಿಲ್ಲಿಸಿದರು. ಯಜಮಾನರ ಕೈಯ ಎಲೆಅಡಿಕೆ ತಾಟಿನಿಂದ ಒಂದು ಅಡಿಕೆ ಉರುಳಿ ಜಮಖಾನೆಯ ಅಂಚು ದಾಟಿ ಹೋಯಿತು.

"ಇದನ್ನ ಮೊದಲಽ ಹೇಳಬೇಕಿತ್ತಲ್ಲರಿ."

"ಶ್ರಾವಣದಾಗ ನನಗೂ ಗೊತ್ತಿರಲಿಲ್ಲರಿ. ಗೊತ್ತಾಗಿ ಒಂದು ತಿಂಗಳ ಮ್ಯಾಲಾತು. ಆ ಒಂದು ತಿಂಗಳ ಮುಚ್ಚಿಟ್ಟದ್ದು ತಪ್ಪು, ಒಪ್ಕೋತೇನಿ. ನಮ್ಮಪ್ಪಗೂ ಇತ್ರಿ. ಅದನ್ನೂ ಈಗಽ ಹೇಳ್ತೇನಿ."

"ಹಂಗಾರ ಹುಡುಗಿಗೂ ಬರತೈತೇನು?"

"ಬರಬಹುದು, ಬರದನೂ ಇರಬಹುದು. ಪೂರಾ ಗೊತ್ತಿಲ್ಲ." ನನ್ನ ದನಿ ನನಗೇ ಹೊಸದೆನಿಸಿತು, ನಡುಗುತ್ತಿರಲಿಲ್ಲ. "ಬಂದ್ರ ಆಕಿ ಮುಚ್ಚಿಡೂದು ಬ್ಯಾಡ. ಅದಕ್ಕಽ ಹೇಳಾಕತ್ತೇನಿ."

ಗಿರಿಜಕ್ಕ ತಮ್ಮವರ ಕಡೆ ನೋಡಿದರು. ಆಮೇಲೆ ತುಸು ಬಿಗಿದ ದನಿಯಲ್ಲಿ, "ಹುಡುಗಿ ರಕ್ತಾ ತಪಾಸ ಮಾಡಿಸಿ ಕಾಗದಾ ಕಳಿಸಿಕೊಡ್ರಿ. ನೋಡಿ ಹೇಳ್ತೇವಿ," ಎಂದರು.

"ಮಾಡಸ್ತೇವ್ರಿ. ನಿಮ್ಮ ಹುಡುಗಂದೂ ಮಾಡಸ್ರಿ. ಎರಡೂ ಕಾಗದಾ ಒಂದಽ ತಾಟಿನಾಗ ಇಟ್ಟು ನೋಡೋಣು."

"ಗಂಡಹುಡುಗಗ ಎದಕ್ಕ? ನಮ್ಮ ಮನ್ಯಾಗ ಇಂಥಾ ರೋಗಿಷ್ಟರು ಯಾರೂ ಇಲ್ಲ," ಎಂದುಬಿಟ್ಟರು ಗಿರಿಜಕ್ಕ.

ಅಲ್ಲಿಯವರೆಗೆ ಗೋಡೆಗೊರಗಿ ಕಲ್ಲಾಗಿ ಕೂತಿದ್ದ ಅತ್ತೆ ಆಗ ಎದ್ದರು. ಇನ್ನು ನನ್ನ ಗತಿ ಮುಗಿಯಿತು ಎಂದುಕೊಂಡೆ. ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು, "ನನ್ನ ಸೊಸಿಗೆ ನಾ ಅಂತೇನಿ. ಇಪ್ಪತ್ನಾಕ ವರ್ಷ ಅಂದೇನಿ, ನಾಳಿಗೂ ಅಂತೇನಿ. ನೀವು ಅನಬ್ಯಾಡ್ರಿ," ಎಂದರು.

ಬೀಗರು ಚಹಾ ಕುಡಿಯದೆ ಎದ್ದು ಹೊರಟರು. ಕೈಯಲ್ಲಿದ್ದ ಸೊಂಡಿಲನ್ನು ಗಿರಿಜಕ್ಕ ತಾಟಿನಲ್ಲಿ ಆನೆಯ ಕಾಲ ಬಳಿ ಇಟ್ಟರು. ಅದೂ ಮೆಲ್ಲಗೆ, ಒಡೆಯದಂತೆ. ಅದನ್ನು ನಾನು ಮರೆತಿಲ್ಲ.

ಯಜಮಾನರು ಬಾಗಿಲು ಹಾಕಿ ಬಂದು, "ಹೇಳೂದಿತ್ತಂದ್ರ ನನಗರ ಮೊದಲ ಹೇಳಬೇಕಿತ್ತು," ಎಂದರು.

"ನಿಮಗ ಹೇಳಿದ್ರ ಬ್ಯಾಡ ಅಂತಿದ್ರಿ."

ಅವರು "ಅಂತಿದ್ದೆ," ಎಂದು ಒಪ್ಪಿಕೊಂಡು, ಉರುಳಿದ ಅಡಿಕೆ ಹುಡುಕತೊಡಗಿದರು.

ಅಕ್ಷತಾಳ ರಕ್ತ ತಪಾಸಣೆ ಮಾಡಿಸಿದೆವು. ಎಲ್ಲ ಸರಿಯಿತ್ತು. ಯಜಮಾನರ ಮುಖ ಅರಳಿತು. "ಛಲೋ ಬಂದೈತಲ್ಲ, ನಾಳಿಗಽ ಕಳಿಸಿಬಿಡೋಣು. ಮುಗೀತು." ಕಳಿಸಿದ್ದರೆ ಬಹುಶಃ ಎಲ್ಲ ಕೂಡಿಬರುತ್ತಿತ್ತು. ನನ್ನ ಮನಸ್ಸೂ ಅತ್ತ ವಾಲಿತು, ಸುಳ್ಳೇಕೆ ಹೇಳಲಿ. ಆ ಕಾಗದ ಕೈಯಲ್ಲಿ ಹಿಡಿದು ಮಗಳ ಕಡೆ ನೋಡಿದೆ.

"ಅವರದು ಬಂದೈತೇನು?" ಎಂದಳು ಅಕ್ಷತಾ.

"ಇಲ್ಲ."

"ಹಂಗಾರ ನಂದೂ ಹೋಗೂದು ಬ್ಯಾಡ. ಅಪ್ಪಾ, ಇವತ್ತು ಛಲೋ ಬಂದೈತಿ. ನಾಕ ವರ್ಷದ ಮ್ಯಾಲೆ ಛಲೋ ಬರಲಿಲ್ಲಂದ್ರ, ಈ ಕಾಗದಾ ತಗೊಂಡು ನನ್ನ ಇಲ್ಲೆ ಬಿಟ್ಟು ಹೋಗ್ತಾರೇನು?"

ಹದಿನೈದು ದಿನ ಕಾದೆವು. ಅವರ ಕಾಗದ ಬರಲಿಲ್ಲ. ಮಾತು ಮುರಿಯಿತೆಂದು ನಡುವಿನವರ ಕಡೆಯಿಂದ ಸುದ್ದಿ ಬಂತು. ಸೀರೆಯನ್ನು ಮಡಿಕೆ ಕೆಡದಂತೆ ಮಡಚಿ ಕಳಿಸಿದೆವು. ಸಕ್ಕರೆ ಆರತಿ ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ. ಕುದುರೆ, ಗಿಳಿಗಳನ್ನು ಓಣಿಯವರಿಗೆ ಹಂಚಿದೆ. ಅಕ್ಷತಾ ಅತ್ತದ್ದು ಒಂದೇ ಸಲ, ಅದೂ ತಲೆಗೆ ನೀರು ಹಾಕಿಸಿಕೊಳ್ಳುವಾಗ, ಸೀಗೆಕಾಯಿ ಕಣ್ಣಿಗೆ ಹೋಯಿತೆಂದು. ನಾನೂ ಸೀಗೆಕಾಯಿಯೇ ಎಂದು ಒಪ್ಪಿಕೊಂಡು ಕಣ್ಣಿಗೆ ನೀರು ಹಾಕಿದೆ.

ಸೊಂಡಿಲು ಮುರಿದ ಆನೆಯನ್ನು ಮಾತ್ರ ನಾನು ಯಾರಿಗೂ ಕೊಡಲಿಲ್ಲ. ರೇಣುಕಾ ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯೊಂದನ್ನು ತಂದು, ತಳದಲ್ಲಿ ತೇವ ಹೀರುವ ನೀಲಿ ಹರಳುಗಳನ್ನು ಹಾಕಿ, ಆನೆಯನ್ನು ಒಳಗಿಟ್ಟು ಕೊಟ್ಟಳು. ಅದನ್ನು ನಡುಮನೆಯ ಗಾಜಿನ ಕಪಾಟಿನಲ್ಲಿಟ್ಟೆ. ಗುಳಿಗೆಗಳನ್ನು ಸಾಸಿವೆಯಿಂದ ಎತ್ತಿ, ಝಾಡಿಸಿ, ಅದರ ಪಕ್ಕದಲ್ಲೇ ಇಟ್ಟೆ. ಬಂದವರೆಲ್ಲ ನೋಡಲಿ.

ಅಂಗಡಿಯಿಂದ ಬರುವಾಗ ಯಜಮಾನರು ಏನೂ ಹೇಳದೆ ಒಂದು ಜೊತೆ ಕ್ಯಾನ್ವಾಸ್ ಬೂಟು ತಂದು ಬಾಗಿಲ ಬಳಿ ಇಟ್ಟರು. ಸೀರೆಯ ಕೆಳಗೆ ಬೂಟು ಹಾಕಿಕೊಂಡು ದಿನಾ ಬೆಳಿಗ್ಗೆ ಕೆರೆಯ ದಂಡೆ ಹಿಡಿದೆ. ಎದುರಿಗೆ ಸಿಕ್ಕವರು ಸುಮ್ಮನೆ ಬಿಡುತ್ತಾರೆಯೇ?

"ಏನ್ರಿ ವೈನಿ, ಬೂಟು ಹಾಕ್ಕೊಂಡು ಎಲ್ಲೆ ಹೊಂಟ್ರಿ, ಪೊಲೀಸ್ ಕೆಲಸಕ್ಕೇನು?"

"ಹೌದ್ರಿ, ಸಕ್ಕರಿ ಹಿಡ್ಯಾಕ."

ಬೂಟಿನ ಎರಡೂ ಕಾಲು ಒಂದೇ ಸಮ ಸವೆಯುತ್ತಿವೆಯೇ ಎಂದು ನಾನು ಆಗಾಗ ತಿರುಗಿಸಿ ನೋಡುತ್ತಿದ್ದೆ. ಹೆಬ್ಬೆರಳಿನ ಗಾಯ ಸಂಕ್ರಾಂತಿಯ ಹೊತ್ತಿಗೆ ಮಾಯಿತು.

ಅಕ್ಷತಾಳನ್ನು ನೋಡಲು ಮತ್ತೆ ಜನ ಬಂದರು. ನಾನು ಒಂದು ನೇಮ ಮಾಡಿಕೊಂಡಿದ್ದೆ. ಹುಡುಗಿ ಹೊರಗೆ ಬರುವ ಮೊದಲೇ, ಜಮಖಾನೆಯ ಮೇಲೆ ಅವರು ಸರಿಯಾಗಿ ಕೂರುವ ಮೊದಲೇ, "ನನಗ ಸಕ್ಕರಿ ಬ್ಯಾನಿ ಐತ್ರಿ, ನಮ್ಮಪ್ಪಗೂ ಇತ್ತು. ಹುಡುಗಿಗೆ ಈಗ ಇಲ್ಲ, ಮುಂದ ಗೊತ್ತಿಲ್ಲ. ಚಹಾ ತಗೋರಿ," ಎನ್ನುವುದು. ಒಂದು ಮನೆಯವರು ಅರ್ಧ ಕಪ್ಪಿಗೇ ಎದ್ದರು. ಇನ್ನೊಂದು ಮನೆಯವರು ಪೂರ್ತಿ ಕುಡಿದು, ಅವಲಕ್ಕಿಯನ್ನೂ ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. "ಏನ್ ಬೇ, ಮಂದಿ ಕುಂದರೂದರಾಗ ಅಟ್ಟಿ ಕಳಸ್ತೀ," ಎಂದು ಅತ್ತೆ ಗೊಣಗುತ್ತಿದ್ದರು. ಆದರೆ ಒಂದು ಸಲ ನನಗೆ ಹೇಳಲು ತಡವಾದಾಗ ಅವರೇ ಒಳಗಿಂದ, "ಶೈಲಾ, ಹೇಳಿದೇನು?" ಎಂದು ಕೂಗಿದ್ದರು.

ನಾಲ್ಕನೆಯ ಮನೆಯವರು ಬಂದದ್ದು ಮುಂದಿನ ವರ್ಷದ ಬೇಸಿಗೆಯಲ್ಲಿ. ನಾನು ಹೇಳಬೇಕಾದದ್ದು ಹೇಳಿದೆ. ಹುಡುಗನ ತಂದೆ, ಸಾಲಿ ಮಾಸ್ತರರಾಗಿದ್ದ ತೆಳ್ಳಗಿನ ಮನುಷ್ಯ, ಕಪ್ಪು ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು. ಆಕೆ ತಲೆಯಾಡಿಸಿದರು.

"ಹಂಗಾರ ನಾವೂ ಹೇಳಿಬಿಡ್ತೇವ್ರಿ. ನಮ್ಮ ಹುಡುಗಗ ಎಡಗಿವಿ ಮಂದ ಐತಿ. ಸಣ್ಣಾವಿದ್ದಾಗ ಜ್ವರ ಬಂದು ಹಂಗಾತು. ಎರಡು ಕಡೆ ಹೇಳದಽ ಹೋಗಿದ್ವಿ, ಆಮ್ಯಾಲೆ ಗೊತ್ತಾಗಿ ಬಿಟ್ರು. ಇಲ್ಲೆ ನೀವು ಹೇಳಿದ್ರಿ, ನಮಗೂ ಬಾಯಿ ಬಂತು."

ಬಾಗಿಲ ಹಿಂದಿನಿಂದ ಅಕ್ಷತಾ ಉಪ್ಪಿಟ್ಟಿನ ತಾಟು ಹಿಡಿದು ಬಂದು, ಹುಡುಗನ ಬಲಗಡೆಗೆ ಹೋಗಿ ನಿಂತು, "ತಗೋರಿ," ಎಂದಳು. ಅವನು ತಲೆಯೆತ್ತಿ ನಕ್ಕ. ಆ ವರ್ಷದ ಗೌರಿ ಹುಣ್ಣಿಮೆಗೆ ಅವರು ತಂದ ಆನೆಯನ್ನು ಯಾರೂ ನನ್ನ ಬಾಯಿಗೆ ಹಿಡಿಯಲಿಲ್ಲ. ಬೀಗತಿ ನನ್ನ ಕೈಗೆ ಒಂದು ಪೇರಲಕಾಯಿ ಕೊಟ್ಟರು. ಅಕ್ಷತಾಳ ಗಂಡನ ಮನೆಯಲ್ಲಿ ಸಾಸಿವೆ ಡಬ್ಬಿಯಲ್ಲಿ ಇವತ್ತಿಗೂ ಬರೀ ಸಾಸಿವೆ ಇದೆ.

ಅತ್ತೆ ಈಗಿಲ್ಲ. ರೇಣುಕಾ ದೂರದ ಊರಿನಲ್ಲಿ ತನ್ನದೇ ಪ್ರಯೋಗಾಲಯ ನಡೆಸುತ್ತಾಳೆ. ಅವಳ ಆ ಕಸವನ್ನು ಈಗ ಯಾರೂ ಕಸವೆನ್ನುವುದಿಲ್ಲವಂತೆ. ಕಮರಿಪೇಟೆಯಿಂದ ಮನೆಗೆ ಬಂದ ಆ ದಿನ ನಾನೇ ಅವಳಿಗೆ ಫೋನು ಮಾಡಿದೆ.

"ಏನವ್ವಾ, ನಿನ್ನ ಸಣ್ಣ ಚೀಟಿಗೆ ಔಷಧ ಸಿಕ್ಕಿತೇನು?"

"ಇನ್ನೂ ಇಲ್ಲರಿ ಕಾಕೂ. ಬಾಳ ಮಂದಿ ಗಂಟು ಬಿದ್ದಾರ, ಆದ್ರ ಇನ್ನೂ ವ್ಯಾಳ್ಯಾ ಹಿಡೀತೈತಿ."

"ಹಿಡೀಲಿ ತಗೋ. ಅಲ್ಲೀತನಕ ನಾ ಕೆರಿ ಸುತ್ತ ನಡೀತಿರ್ತೇನಿ."

ಫೋನು ಇಟ್ಟು, ಅಚ್ಚುಗಳನ್ನು ಪೆಟ್ಟಿಗೆಯಿಂದ ತೆಗೆದು ನೆನೆಯಿಟ್ಟೆ. ಕಪಾಟಿನಲ್ಲಿ ಆ ಹಳೆಯ ಆನೆ ತುಸು ಹಳದಿಯಾಗಿದೆ. ಸೊಂಡಿಲು ಅದರ ಕಾಲ ಬಳಿಯೇ ಬಿದ್ದಿದೆ. ಅಂಟಿಸಿ ಕೊಡುತ್ತೇನೆಂದು ಎಷ್ಟೋ ಜನ ಹೇಳಿದ್ದಾರೆ. ಬೇಡ ಎಂದಿದ್ದೇನೆ.